ಉದ್ಯೋಗ, ಗಾಯನ, ಪಾಠ: ಒಂದೇ ಕಂಠದ ಹಂಚಿಕೆ

ಸಾಫ್ಟ್‌ವೇರ್ ಸಂಸ್ಥೆಯಲ್ಲಿ ತಂಡವೊಂದನ್ನು ನಡೆಸುತ್ತಲೇ ಕರ್ನಾಟಕ ಸಂಗೀತದ ಗಾಯನ ಕಛೇರಿಗಳನ್ನೂ ವಾರಾಂತ್ಯದ ಪಾಠವನ್ನೂ ಮುಂದುವರಿಸಿಕೊಂಡು ಬಂದಿರುವ ನನ್ನನ್ನು ಹಲವರು ಕೇಳುವುದು ಸಮಯದ ಬಗ್ಗೆ. ಸಮಯವನ್ನು ಹೇಗೋ ಹೊಂದಿಸಿಕೊಳ್ಳಬಹುದು. ಆದರೆ ದಿನವಿಡೀ ಸಭೆಗಳಲ್ಲಿ ಮಾತನಾಡಿ ದಣಿದ ಕಂಠ ಸಂಜೆಗೆ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಾನು ಗಂಟೆಗಳಿಗಿಂತ ಮೊದಲು ಧ್ವನಿಯನ್ನು ಹಂಚಿಕೊಳ್ಳುತ್ತೇನೆ.

ದಿನದ ಮೊದಲ ಧ್ವನಿ ಸಂಗೀತಕ್ಕೇ ಮೀಸಲು. ಯಾರೊಡನೆಯೂ ಹೆಚ್ಚು ಮಾತನಾಡುವ ಮುನ್ನ ತಂಬೂರಿಯ ಶ್ರುತಿಗೆ ಮಂದ್ರಸ್ಥಾಯಿಯ (ಕೆಳಗಿನ ಸ್ಥಾಯಿಯ) ಸ್ವರಗಳನ್ನು ದೀರ್ಘವಾಗಿ ಹಿಡಿದು, ‘ಆ’ ಎಂಬ ಅಕಾರದಲ್ಲಿ ಅಲಂಕಾರಗಳೆಂಬ ಸ್ವರಾಭ್ಯಾಸಗಳನ್ನು ಹಾಡಿ, ಕೊನೆಗೆ ಒಂದು ವರ್ಣವನ್ನು (ಅಭ್ಯಾಸಕ್ಕೂ ಕಛೇರಿಯ ಆರಂಭಕ್ಕೂ ಹಾಡುವ ರಚನೆಯನ್ನು) ಎರಡು ಕಾಲಗಳಲ್ಲಿ, ಅಂದರೆ ಎರಡು ವೇಗಗಳಲ್ಲಿ, ಮುಗಿಸುತ್ತೇನೆ. ಹೊಸ ಕೃತಿಯ ಪಾಠವನ್ನು ಈ ಹೊತ್ತಿಗೆ ಸೇರಿಸುವುದಿಲ್ಲ.

ಸಂಜೆಯ ಸಾಧನೆ ಬಹುಮಟ್ಟಿಗೆ ಮೌನದ್ದು. ಲಯದ ಲೆಕ್ಕಾಚಾರಕ್ಕೆ ಕಂಠ ಬೇಕಿಲ್ಲ. ಪ್ರಯಾಣದಲ್ಲಿಯೂ ತೊಡೆಯ ಮೇಲೆ ತಾಳ ಹಾಕುತ್ತ ಮಾಡಬಹುದು. ಉದಾಹರಣೆಗೆ, ಎಂಟು ಅಕ್ಷರಗಳ (ಎಣಿಕೆಗಳ) ಆದಿತಾಳದ ಒಂದು ಆವರ್ತನಕ್ಕೆ, ಅಂದರೆ ಒಂದು ಸುತ್ತಿಗೆ, ಅಕ್ಷರಕ್ಕೆ ನಾಲ್ಕು ಮಾತ್ರೆಗಳ ಚತುರಶ್ರ ಗತಿಯಲ್ಲಿ 32 ಮಾತ್ರೆಗಳು. ಐದು ಮಾತ್ರೆಗಳ ಸ್ವರಗುಚ್ಛವನ್ನು ಎರಡೆರಡು ಮಾತ್ರೆಗಳ ಬಿಡುವು ಕೊಟ್ಟು ಮೂರು ಸಲ ಹಾಡಿದರೆ 19 ಮಾತ್ರೆಗಳಾಗುತ್ತವೆ. ಹಾಗಾಗಿ ಮುಂದಿನ ಸಮಕ್ಕೆ (ಆವರ್ತನದ ಮೊದಲ ಎಣಿಕೆಗೆ) ಮುಟ್ಟಬೇಕಾದರೆ 13 ಮಾತ್ರೆ ಬಿಟ್ಟು ಆರಂಭಿಸಬೇಕು, ಕೃತಿಯ ಎತ್ತುಗಡೆ (ಹಾಡು ಆರಂಭವಾಗುವ ಜಾಗ) ಅರ್ಧ ಅಕ್ಷರ, ಅಂದರೆ ಎರಡು ಮಾತ್ರೆ, ತಡವಾಗಿದ್ದರೆ 15 ಬಿಟ್ಟು. ಇಂಥ ಮುಕ್ತಾಯಗಳು ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ, ಕಲ್ಪನಾಸ್ವರ (ಆ ಕ್ಷಣದಲ್ಲೇ ಕಲ್ಪಿಸಿ ಹಾಡುವ ಸ್ವರಗಳನ್ನು) ಹಾಡುವಾಗ ಗಮನವೆಲ್ಲ ರಾಗಭಾವದ ಮೇಲೆಯೇ ಇರುತ್ತದೆ. ಉದ್ಯೋಗದಲ್ಲಿರುವ ಗಾಯಕರು ಈ ಮೌನಸಾಧನೆಯನ್ನು ಬದಲಿ ವ್ಯವಸ್ಥೆಯೆಂದು ಕೀಳಾಗಿ ಕಾಣಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸದ ಸ್ಥಳದಲ್ಲಿ ನನ್ನ ಕಂಠ ಕೆಡುವುದು ಬಹುತೇಕ ಹೆಡ್‌ಫೋನಿನಿಂದ. ಎರಡೂ ಕಿವಿಗಳನ್ನು ಮುಚ್ಚಿದಾಗ ನಮ್ಮ ಧ್ವನಿ ನಮಗೇ ಸರಿಯಾಗಿ ಕೇಳಿಸದೆ, ಅರಿವಿಲ್ಲದೆಯೇ ಗಟ್ಟಿಯಾಗಿ ಮಾತನಾಡುತ್ತೇವೆ. ಹಾಗಾಗಿ ನಾನು ಒಂದು ಕಿವಿಯನ್ನು ತೆರೆದಿಡುತ್ತೇನೆ. ಬರೆದು ಮುಗಿಸಬಹುದಾದ ವಿಷಯಕ್ಕೆ ಸಭೆ ಕರೆಯುವುದಿಲ್ಲ.

ಪಾಠ ಕಂಠಕ್ಕೆ ಇನ್ನೂ ಹೆಚ್ಚಿನ ಹೊರೆ, ಏಕೆಂದರೆ ಮಕ್ಕಳ ಶ್ರುತಿ ನನ್ನ ಶ್ರುತಿಯಲ್ಲ. ಅವರೊಡನೆ ಉದ್ದಕ್ಕೂ ಹಾಡದೆ, ಒಮ್ಮೆ ಹೇಳಿಕೊಟ್ಟು, ಅವರಿಂದ ಹಾಡಿಸಿ ಕೇಳುತ್ತೇನೆ. ಇದರಿಂದ ಅವರಿಗೂ ಲಾಭವಿದೆ: ಆರಂಭಿಕ ಪಾಠಗಳ ರಾಗವಾದ ಮಾಯಾಮಾಳವಗೌಳದ ಪೂರ್ವಾಂಗ ಮತ್ತು ಉತ್ತರಾಂಗಗಳಲ್ಲಿ, ಅಂದರೆ ಮೊದಲ ಮತ್ತು ಎರಡನೆಯ ಅರ್ಧಗಳಲ್ಲಿ, ಸ್ವರಗಳ ನಡುವಿನ ಅಂತರ ಒಂದೇ ರೀತಿಯದಾದ್ದರಿಂದ, ಸ–ರಿ–ಗ–ಮ ಸರಿಯಾಗಿ ನಿಂತ ಮಗು ಪ–ದ–ನಿ–ಸ ಭಾಗದ ತಪ್ಪನ್ನು ತಾನೇ ಗುರುತಿಸಿಕೊಳ್ಳುತ್ತದೆ. ನಾನು ಜೊತೆಗೇ ಹಾಡುತ್ತಿದ್ದರೆ ಆ ಕಿವಿ ಬೆಳೆಯುವುದಿಲ್ಲ.

ಗಾಯನ ಕಛೇರಿ ಒಪ್ಪಿಕೊಳ್ಳುವ ಮೊದಲು ದೊಡ್ಡ ಯೋಜನೆಗಳ ಗಡುವು ನೋಡುತ್ತೇನೆ. ಹೊರಗಿನ ಆದಾಯವನ್ನು ಸಂಸ್ಥೆಗೆ ಲಿಖಿತವಾಗಿ ತಿಳಿಸಿರುವುದರಿಂದ ರಜೆ ಕೇಳಲು ಸಂಕೋಚವಿಲ್ಲ. ಕಛೇರಿಯ ಹಿಂದಿನ ದಿನ ಪಾಠವಿರುವುದಿಲ್ಲ. ಅಂದಿನ ಸಭೆಗಳಲ್ಲಿ ನನ್ನ ಭಾಗವನ್ನು ಸಹೋದ್ಯೋಗಿಯೊಬ್ಬರು ಮಂಡಿಸುತ್ತಾರೆ, ಅವರ ರಜೆಯ ದಿನಗಳಲ್ಲಿ ಅವರ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ.