ಬೌದ್ಧ ಕೇಂದ್ರಕ್ಕೆ ಹೊಸದಾಗಿ ಹೋಗುವವರಿಗೆ

ಪರದೇಶಕ್ಕೆ ಬಂದ ಹೊಸತರಲ್ಲಿ ಬೌದ್ಧ ಕೇಂದ್ರಕ್ಕೆ ಬರುವವರೆಲ್ಲ ಧ್ಯಾನವನ್ನೇ ಅರಸಿ ಬರುವುದಿಲ್ಲ. ಮಾತಿಗೆ ನಾಲ್ಕು ಜನ ಸಿಕ್ಕಿದರೆ ಸಾಕು ಎಂದು ಬರುವವರೂ ಇದ್ದಾರೆ. ಅದಕ್ಕಾಗಿ ಸಂಕೋಚಪಡಬೇಡಿ. ಬುದ್ಧ ಮತ್ತು ಅವನ ಬೋಧನೆಯಾದ ಧಮ್ಮದ ಜೊತೆಗೆ ಸಂಘಕ್ಕೂ, ಅಂದರೆ ಈ ಹಾದಿಯಲ್ಲಿ ನಡೆಯುವವರ ಸಮುದಾಯಕ್ಕೂ, ಶರಣು ಹೋಗುವ ಹಾದಿ ಇದು. ಜೊತೆಗಾರರಿಗೆ ಇಲ್ಲಿ ದೊಡ್ಡ ಸ್ಥಾನವಿದೆ.

ಎಲ್ಲ ಕೇಂದ್ರಗಳೂ ಒಂದೇ ಬಗೆಯವಲ್ಲ. ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರ್ ಮೂಲದವರು ನಡೆಸುವ ವಿಹಾರಗಳು ಸಾಮಾನ್ಯವಾಗಿ ಥೇರವಾದ ಎಂಬ ಹಳೆಯ ಬೌದ್ಧ ಪಂಥದವು. ಭಿಕ್ಷುಗಳು, ಪಾಲಿ ಪಠಣ, ಮಕ್ಕಳು ಮರಿಗಳೊಂದಿಗೆ ಬರುವ ಕುಟುಂಬಗಳು ಅಲ್ಲಿರುತ್ತವೆ. ಜಪಾನಿನಲ್ಲಿ ಬೆಳೆದ ಝೆನ್ ಪಂಥದ ಕೇಂದ್ರದಲ್ಲಿ ಮಾತು ಕಡಿಮೆ, ಧ್ಯಾನಕ್ಕೆ ಕೂರುವುದು ಹೆಚ್ಚು. ಟಿಬೆಟನ್ ಕೇಂದ್ರಗಳಲ್ಲಿ ಮಂತ್ರ, ಪೂಜಾವಿಧಿ, ಗುರುವಿನ ಉಪದೇಶಕ್ಕೆ ಒತ್ತು. ಎರಡು ಮೂರು ಕಡೆ ಹೋಗಿ ನೋಡಿ. ಆಮೇಲೆ ಒಂದೇ ಕಡೆ ಕೆಲವು ತಿಂಗಳು ನಿಲ್ಲಿ. ವಾರಕ್ಕೊಂದು ಕೇಂದ್ರ ಬದಲಿಸುವವರಿಗೆ ಧ್ಯಾನವೂ ಹತ್ತುವುದಿಲ್ಲ, ಸ್ನೇಹವೂ ಕೂಡಿಬರುವುದಿಲ್ಲ.

ಸ್ವಲ್ಪ ಮುಂಚೆಯೇ ತಲುಪಿ, ಪಾದರಕ್ಷೆ ಹೊರಗೆ ಬಿಡಿ. ಬುದ್ಧನ ಮೂರ್ತಿಯ ಕಡೆಗಾಗಲಿ, ಬೋಧಿಸುವವರ ಕಡೆಗಾಗಲಿ ಕಾಲು ಚಾಚಬೇಡಿ. ಧರ್ಮಗ್ರಂಥವನ್ನು ನೆಲದ ಮೇಲಿಡಬೇಡಿ. ಥೇರವಾದಿ ಭಿಕ್ಷುಗಳು ಮಧ್ಯಾಹ್ನದ ನಂತರ ಊಟ ಮಾಡುವುದಿಲ್ಲ. ಆಹಾರ ಅರ್ಪಿಸುವುದಿದ್ದರೆ ಬೆಳಿಗ್ಗೆಯೇ ಒಯ್ಯಿರಿ. ಮಹಿಳೆಯರು ಕೊಡುವ ವಸ್ತುವನ್ನು ಭಿಕ್ಷುಗಳು ಕೈಯಿಂದ ಕೈಗೆ ಪಡೆಯದೆ, ಬಟ್ಟೆ ಹಾಸಿ ಅದರ ಮೇಲೆ ಇರಿಸಿಕೊಳ್ಳುವುದುಂಟು. ಅದು ಅವರು ಪಾಲಿಸುವ ಕಟ್ಟುಪಾಡು, ನಿಮಗೆ ತೋರಿದ ಅಗೌರವವಲ್ಲ.

ಕೂರುವ ಕ್ರಮವನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ದುಂಡು ದಿಂಬಿನ ನಟ್ಟನಡುವೆ ಕೂತರೆ ಬೆನ್ನು ಹಿಂದಕ್ಕೆ ಬಾಗುತ್ತದೆ. ಮುಂದಿನ ಅಂಚಿಗೆ ಸರಿದು ಕೂತರೆ ಸೊಂಟ ತುಸು ಎತ್ತರದಲ್ಲಿ ನಿಂತು, ಮಂಡಿಗಳು ತಾವಾಗಿ ಕೆಳಗಿಳಿಯುತ್ತವೆ. ಮಂಡಿನೋವಿದ್ದರೆ ಕುರ್ಚಿ ಕೇಳಿ. ಹಳಬರಲ್ಲೂ ಕುರ್ಚಿಯಲ್ಲಿ ಕೂರುವವರಿದ್ದಾರೆ. ಉಸಿರನ್ನು ಗಮನಿಸುತ್ತಿರುವಾಗ ಮನಸ್ಸು ವೀಸಾ, ಬಾಡಿಗೆ, ಮನೆಯವರ ಕಡೆ ಓಡುತ್ತದೆ. ಓಡಿದ್ದು ತಿಳಿದ ಕೂಡಲೇ ಮತ್ತೆ ಉಸಿರಿಗೆ ಮರಳುವುದೇ ಅಭ್ಯಾಸ.

ನಾನು ಒತ್ತಿ ಹೇಳಬೇಕೆಂದಿರುವುದು ಕೊನೆಯ ಗಂಟೆ ಬಾರಿಸಿದ ನಂತರದ ಹೊತ್ತಿನ ಬಗ್ಗೆ. ಹೊಸಬರು ಅನೇಕರು ಆಗಲೇ ಸದ್ದಿಲ್ಲದೆ ಹೊರಟುಬಿಡುತ್ತಾರೆ. ದಯವಿಟ್ಟು ಅರ್ಧ ಗಂಟೆ ಉಳಿಯಿರಿ. ದಿಂಬುಗಳನ್ನು ತಟ್ಟಿ ಸಾಲಾಗಿ ಜೋಡಿಸಿ, ಚಹಾದ ಲೋಟಗಳನ್ನು ತೊಳೆಯುವವರ ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ನಿಲ್ಲಿ. ಕೈಗೆ ಕೆಲಸವಿದ್ದಾಗ ಭಾಷೆ ತಡವರಿಸಿದರೂ ಮುಜುಗರವಾಗುವುದಿಲ್ಲ, ಮಾತು ತಾನಾಗಿ ಹುಟ್ಟುತ್ತದೆ. ಜ್ವರ ಬಂದು ಮಲಗಿದಾಗ ಬಾಗಿಲಿಗೆ ಬರುವ ಸ್ನೇಹಿತರು ಇಲ್ಲಿನ ಎಷ್ಟೋ ಜನರಿಗೆ ಸಿಕ್ಕಿದ್ದು ಆ ಪಾತ್ರೆ ತೊಳೆಯುವ ಜಾಗದಲ್ಲೇ. ವೈಶಾಖ ಹುಣ್ಣಿಮೆಯ, ಅಂದರೆ ಬುದ್ಧ ಪೂರ್ಣಿಮೆಯ, ಆಚರಣೆ ಬಂದರೆ ಹೂ ಜೋಡಿಸುವುದರಿಂದ ಹಿಡಿದು ಕಸ ಗುಡಿಸುವವರೆಗೆ ಕೈಗಳು ಬೇಕೇ ಬೇಕು. ಕರೆಯಲಿ ಎಂದು ಕಾಯದೆ ನೀವೇ ಕೇಳಿ.

ಮನೆಯ ದೇವರನ್ನು ಬಿಡಬೇಕೇ ಎಂದು ಕೆಲವರು ಅಳುಕುತ್ತಾರೆ. ಧ್ಯಾನಕ್ಕೆ ಕೂರಲು ಮತಾಂತರದ ಅಗತ್ಯವಿಲ್ಲ. ಕೇಸಪುತ್ತ ಎಂಬ ಊರಿನ ಕಾಲಾಮ ಜನರಿಗೆ ಬುದ್ಧ ಹೇಳಿದ್ದೂ ಇದೇ ಧಾಟಿಯ ಮಾತು: ಪರಂಪರೆ ಹೇಳಿತೆಂದೋ ಗುರು ಹೇಳಿದನೆಂದೋ ಒಪ್ಪಿಕೊಳ್ಳಬೇಡಿ, ನೀವೇ ಕಂಡು ತಿಳಿಯಿರಿ. ಆದ್ದರಿಂದ ಪ್ರಶ್ನೆ ಕೇಳಿದರೆ ಸಿಡುಕುವ, ಹಣಕ್ಕೆ ಪೀಡಿಸುವ, ಮನೆಯವರಿಂದ ದೂರವಿರಲು ಹೇಳುವ ಜಾಗದಿಂದ ಹಿಂದೆಮುಂದೆ ನೋಡದೆ ಹೊರಬನ್ನಿ. ದಾನದ ಪೆಟ್ಟಿಗೆಗೆ ಶಕ್ತ್ಯಾನುಸಾರ ಹಾಕಿದರೆ ಸಾಕು.

ದೀರ್ಘ ಶಿಬಿರಗಳಿಗೆ ಅವಸರ ಬೇಡ. ಧ್ಯಾನ ಗುರು ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ವಿಪಶ್ಯನಾ ಧ್ಯಾನ ಶಿಬಿರ 10 ದಿನಗಳದು. ಶುಲ್ಕವಿಲ್ಲ, ಆದರೆ ನಸುಕಿನ 4 ಗಂಟೆಗೆ ಏಳಬೇಕು, ಮೌನ ಪಾಲಿಸಬೇಕು, ಮೊಬೈಲ್ ಒಪ್ಪಿಸಬೇಕು. ಒಂಟಿತನದಿಂದ ನಿದ್ದೆಗೆಟ್ಟಿರುವಾಗ, ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವಾಗ ಅಷ್ಟು ದಿನದ ಮೌನ ಭಾರವಾಗಬಹುದು. ಮೊದಲು ವೈದ್ಯರನ್ನು ಕೇಳಿ, ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಅಲ್ಲಿಯವರೆಗೆ ವಾರದ ಧ್ಯಾನಕ್ಕೆ ತಪ್ಪದೆ ಬನ್ನಿ. ಜೊತೆಗೆ ಅರ್ಧ ದಿನದ ಶಿಬಿರವೊಂದನ್ನು ಮಾಡಿ ನೋಡಿ.