ಮೊದಲು ಮಲ್ಲಿಗೆ, ಆಮೇಲೆ ಮುಖ

"ಮೊದಲು ಮುಖ ಮುಗಿಸು, ಹೂವು ಕೊನೆಗೆ" ಅಂತ ಗೊತ್ತಿದ್ದವರೆಲ್ಲ ಹೇಳಿದ್ದರು. ನಾನು ಉಲ್ಟಾ ಮಾಡಿದೆ. ಮಲ್ಲಿಗೆ ಮುಡಿದ ಅತ್ತಿಗೆಯ ಚಿತ್ರ ಎಣ್ಣೆಬಣ್ಣದಲ್ಲಿ ಕೊನೆಗೂ ಕೂತಿದ್ದು ಹಾಗೆ.

ಸಂಜೆ ತಂದ ಮೊಗ್ಗು ರಾತ್ರಿ ಅರಳುತ್ತದೆ, ಮಾರನೇ ದಿನ ಬಾಡುತ್ತದೆ. ಮುಖ ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ? ಮೊದಮೊದಲು ನಾನೂ ಮುಖ ಮುಗಿಸಿ ಹೂವಿಗೆ ಬರುತ್ತಿದ್ದಾಗ ಪ್ರತಿ ಸಲ ಹೊಸ ಮಾಲೆ ಬೇಕಾಗುತ್ತಿತ್ತು, ಅದು ಹಿಂದಿನದರ ಹಾಗೆ ಕೂರುತ್ತಲೂ ಇರಲಿಲ್ಲ. ಮೊಳಕ್ಕೆ 30 ರೂಪಾಯಿ ಇದ್ದದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ 100 ದಾಟಿತು. ಪ್ಲಾಸ್ಟಿಕ್ ಮಲ್ಲಿಗೆ ತಂದೆ. ನಿಜವಾದ ಎಸಳು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಇದು ಸುಮ್ನೆ ಮಿಂಚುತ್ತದೆ.

ಬೆಳಕಿಗೂ ದುಡ್ಡು ಸುರಿದೆ. ಬೆಳಕನ್ನು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್ ದೀಪಕ್ಕೆ 3,000ದ ಹತ್ತಿರ ಹೋಯಿತು. ಕೆನ್ನೆ ಹಿಟ್ಟು ಬಳಿದ ಹಾಗೆ ಕಂಡಿತು. ಕೊನೆಗೆ ಕೆಲಸಕ್ಕೆ ಬಂದದ್ದು ಉತ್ತರದ ಕಿಟಕಿಗೆ ಕಟ್ಟಿದ ಹಳೇ ಪಂಚೆ. ಎದುರಿನ ಬಿಳಿ ಗೋಡೆ ನೆರಳನ್ನೆಲ್ಲ ತೊಳೆದುಹಾಕುತ್ತಿತ್ತು, ಅಲ್ಲಿ ಕಪ್ಪು ಕಂಬಳಿ ನೇತುಹಾಕಿದೆ.

ಹೂವಿಗೆ ಮೊದಲು ಬರೀ ಬಿಳಿ ಮುಟ್ಟಲೇ ಇಲ್ಲ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು, ಟೈಟಾನಿಯಂ ವೈಟ್ ಕಲಸಿದ ಬೂದು ಬಣ್ಣದಲ್ಲಿ ಇಡೀ ಮಾಲೆ. ಅದು ಹಸಿ ಇದ್ದಾಗಲೇ ಕಿಟಕಿ ಕಡೆಯ ನಾಲ್ಕೈದು ಎಸಳಿಗೆ ಮಾತ್ರ ದಪ್ಪ ಬಿಳಿ, ಚೂರು ಯೆಲ್ಲೋ ಓಕರ್ ಅನ್ನೋ ಮಣ್ಣಿನ ಹಳದಿ. ಒಂದೇ ಸಲ ಕೂತು ಮುಗಿಸಬೇಕು. "ಇನ್ನೂ ಎಷ್ಟೊತ್ತೋ?" ಅಂತ ಅತ್ತಿಗೆ ಗೊಣಗುತ್ತಲೇ ಇದ್ದರು.

ಮಜಾ ಶುರುವಾಗುವುದು ಆಮೇಲೆ. ಅತ್ತಿಗೆಯದು ಎಣ್ಣೆಗೆಂಪು ಮೈಬಣ್ಣ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಅವರ ಕೆನ್ನೆಯ ಅತಿ ಬೆಳಕಿನ ಜಾಗವೂ ಹೂವಿನ ಮೇಲಿನ ನೆರಳಿಗಿಂತ ಒಂದು ಮೆಟ್ಟಿಲು ಕಪ್ಪಗೇ ಇತ್ತು. ಮುಖ ಮೊದಲು ಬರೆಯುವವರು ಕೆನ್ನೆಗೇ ಬಿಳಿ ಖರ್ಚು ಮಾಡಿ, ಹೂವಿಗೆ ಏನೂ ಉಳಿಸಿಕೊಳ್ಳುವುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಜಲವರ್ಣ ನಿಜ, ಆದರೆ ಬೆಳಕು ಎದ್ದು ಕಾಣಲು ಸುತ್ತಲಿನ ಕತ್ತಲನ್ನು ಅವರು ಹೇಗೆ ಹಿಡಿದಿದ್ದಾರೆ ನೋಡಿ.

ಹೂವಿನ ಅಂಚು ಕೂದಲಲ್ಲಿ ಕರಗುವ ಹಾಗೆ ಮಾಡಿದ್ದು ಹೇಗೆ ಅಂತ ಜಾಸ್ತಿ ಜನ ಕೇಳುತ್ತಾರೆ. ಬ್ರಷ್‌ನಿಂದ ಅಲ್ಲ, ಅಷ್ಟೇ ಹೇಳುತ್ತೇನೆ.

ನಡುವೆ ಕನಕಾಂಬರವನ್ನೂ ಇಟ್ಟು ನೋಡಿದೆ. ಎರಡು ಮೂರು ದಿನ ಬಾಡುವುದಿಲ್ಲ, ನಿಧಾನಕ್ಕೆ ಬರೆಯಬಹುದು. ಆದರೆ ಕಣ್ಣು ಮುಖ ಬಿಟ್ಟು ಅಲ್ಲೇ ಓಡುತ್ತದೆ. ಅದಕ್ಕೆ ಬೇಕಾದ ಕ್ಯಾಡ್ಮಿಯಂ ಆರೆಂಜ್ ಬಣ್ಣದ ಟ್ಯೂಬೂ ದುಬಾರಿ! ಕೈಬಿಟ್ಟೆ.

ಚಿತ್ರ 15,000ಕ್ಕೆ ಹೋಯಿತು. ಫ್ರೇಮಿಗೆ 2,500, ಬಣ್ಣ ಕ್ಯಾನ್ವಾಸಿಗೆ ಹೆಚ್ಚುಕಮ್ಮಿ ಅಷ್ಟೇ. ಹೂವಿನ ಲೆಕ್ಕ ಅತ್ತಿಗೆ ಕೇಳಿಲ್ಲ, ಸೀರೆ ಕೇಳಿದ್ದಾರೆ.