ಬಾಲ ಒತ್ತಿದರೆ ಎಲೆ ಉಗುಳುವ ಡೈನೋಸಾರ್

ಬಾಲ ಒತ್ತಿದರೆ ಈ ಆಟಿಕೆ ಬಾಯಿ ತೆರೆದು ಒಂದು ಎಲೆ, ಅಂದರೆ ಇಸ್ಪೀಟಿನಂಥ ಆಟದ ಕಾರ್ಡ್, ಉಗುಳಬೇಕು. ಡಬ್ಬಿಯ ಮೇಲಿನ ಚಿತ್ರದಲ್ಲಿ ಹಾಗೆಯೇ ಇತ್ತು. ನಾನು ಬಾಲ ಒತ್ತಿದೆ, ಬಾಯಿ ತೆರೆಯಿತು, ಎಲೆಯ ತುದಿ ಕಾಲು ಅಂಗುಲದಷ್ಟು ಹೊರಗೆ ಇಣುಕಿ ಅಲ್ಲೇ ನಿಂತಿತು. ಇನ್ನೊಮ್ಮೆ ಒತ್ತಿದೆ. ಎರಡು ಎಲೆಗಳು ಒಟ್ಟಿಗೆ ಬಂದು ಪ್ಲಾಸ್ಟಿಕ್ ಹಲ್ಲುಗಳಿಗೆ ಸಿಕ್ಕಿಕೊಂಡವು. ಎಂಟು ವರ್ಷದ ಮಗಳು ಗಂಭೀರವಾಗಿ ನೋಡಿ, "ಅಪ್ಪಾ, ಇದಕ್ಕೆ ಅಜೀರ್ಣವಾಗಿದೆ" ಎಂದಳು.

ಆಟಿಕೆ ಹೀಗಿದೆ. ತೆಂಗಿನಕಾಯಿಗಿಂತ ಸ್ವಲ್ಪ ಚಿಕ್ಕದಾದ ಮೊಟ್ಟೆ. ತಿರುಗಿಸಿ ಬಿಚ್ಚಿದರೆ ಎರಡು ಹೋಳು, ಒಳಗೆ ಐದು ತುಂಡುಗಳಾಗಿ ಡೈನೋಸಾರ್. ಜೋಡಿಸಿದ ಮೇಲೆ ಅದರ ಹೊಟ್ಟೆಯ ಕೆಳಗೊಂದು ಪುಟ್ಟ ಸೆಳೆಖಾನೆ, ಅದರಲ್ಲಿ ಎಂಟು ಎಲೆಗಳು. ಒಂದು ಮೊಟ್ಟೆಗೆ 549 ರೂಪಾಯಿ. ಯಾವ ಪ್ರಾಣಿ ಬರುತ್ತದೆ ಎಂಬುದು ಒಡೆಯುವವರೆಗೆ ಗೊತ್ತಾಗುವುದಿಲ್ಲ. ಕೊಳ್ಳುವವರನ್ನು ಮತ್ತೆ ಅಂಗಡಿಗೆ ಎಳೆಯುವ ದಾರ ಇದೇ. ನಾವು ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಗಾಗಿ ಹಲ್ಲು ಹಾಳು ಮಾಡಿಕೊಂಡ ಕಾಲದವರು, ಈ ದಾರ ನಮಗೆ ಹೊಸದಲ್ಲ. ಆದರೂ ಸಿಕ್ಕಿಬಿದ್ದೆವು. ಎಂಟು ಎಲೆಗಳಲ್ಲಿ ಇಬ್ಬರು ಆಡಲು ಆಗುವುದಿಲ್ಲ, ಹಾಗಾಗಿ ಎರಡನೆಯ ಮೊಟ್ಟೆ ಬಂತು. ಅದರಲ್ಲೂ ಅದೇ ಹಸಿರು ಸ್ಟೆಗೊಸಾರಸ್, ಎಂಟರಲ್ಲಿ ಐದು ಎಲೆಗಳು ಮೊದಲಿನವೇ. ಮಗಳ ಮುಖ ನೋಡಲಾಗದೆ ಮೂರನೆಯದನ್ನು ತಂದೆ. ಒಟ್ಟು 24 ಎಲೆಗಳಾದವು, ಬೇರೆ ಬೇರೆ ಎನ್ನುವಂಥವು 14.

ನಾನು ಲೆಕ್ಕಪತ್ರದ ಕೆಲಸದವನು. 1647 ರೂಪಾಯಿ ಖರ್ಚಾದ ಮೇಲೆ ಆಟ ಆಡಲೇಬೇಕು ಎಂಬ ಹಟ ಬಂತು.

ಮೊದಲು ಅಜೀರ್ಣದ ಚಿಕಿತ್ಸೆ. ಬಾಲಕ್ಕೂ ಸೆಳೆಖಾನೆಗೂ ನಡುವೆ ಒಂದು ರಬ್ಬರ್ ಗಾಲಿ ಇದೆ, ಬಟಾಣಿಯಷ್ಟು ದಪ್ಪ. ಬಾಲ ಒತ್ತಿದಾಗ ಅದು ಅರ್ಧ ಸುತ್ತು ತಿರುಗಿ ಮೇಲಿನ ಎಲೆಯನ್ನು ಮುಂದಕ್ಕೆ ತಳ್ಳಬೇಕು. ಎಲೆಗಳ ಮೇಲಿನ ಹೊಳಪು ಲೇಪ ಒಂದಕ್ಕೊಂದು ಅಂಟಿಕೊಂಡು ಎರಡೆರಡು ಒಟ್ಟಿಗೆ ಹೊರಡುತ್ತಿದ್ದವು. ಕೇರಂ ಆಡಿ ಬೆಳೆದವನಿಗೆ ಮೊದಲು ಹೊಳೆಯುವುದು ಪೌಡರ್. ಕೇರಂಗೆ ಹಾಕುವುದು ಬೋರಿಕ್ ಪುಡಿ, ಮಕ್ಕಳ ಕೈ ಬಾಯಿಗೆ ಹೋಗುತ್ತದೆ, ಬೇಡ ಎಂದುಕೊಂಡು ಹೆಂಡತಿಯ ಮುಖದ ಪೌಡರ್ ಎತ್ತಿಕೊಂಡೆ. ಚಿಟಿಕೆಯಷ್ಟು ಹಾಕಿ, ಎಲೆಗಳನ್ನು ಒಂದೊಂದಾಗಿ ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ರಬ್ಬರ್ ಗಾಲಿಗೆ ಮಾತ್ರ ತಾಗದಂತೆ ನೋಡಿಕೊಂಡೆ. ಗಾಲಿಗೆ ಪೌಡರ್ ತಗುಲಿದರೆ ಅದು ಜಾರಿ ಯಾವ ಎಲೆಯನ್ನೂ ಹಿಡಿಯುವುದಿಲ್ಲ. ಇದನ್ನು ಒಮ್ಮೆ ಎಡವಟ್ಟು ಮಾಡಿಯೇ ಕಲಿತೆ. ಆಮೇಲೆ ಬಾಲ ಒತ್ತಿದರೆ 'ಟಕ್' ಎಂದು ಒಂದೇ ಎಲೆ, ಮಲ್ಲಿಗೆಯ ವಾಸನೆಯೊಂದಿಗೆ.

ಇನ್ನು ಆಟ. ನಿಯಮ ಹೊಸದೇನಲ್ಲ, ನಾವು ಶಾಲೆಯಲ್ಲಿ ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡ್‌ಗಳಲ್ಲಿ ಆಡುತ್ತಿದ್ದದ್ದೇ. ಅಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ ಇರುತ್ತಿದ್ದವು, ಇಲ್ಲಿ ಉದ್ದ, ತೂಕ, ವೇಗ, ಬುದ್ಧಿ, ಕ್ರೌರ್ಯ. ಒಬ್ಬರು ಒಂದು ಅಂಶವನ್ನು ಕೂಗಬೇಕು, ಇಬ್ಬರೂ ಎಲೆ ಇಳಿಸಬೇಕು, ಹೆಚ್ಚಿನ ಅಂಕೆ ಇದ್ದವರಿಗೆ ಎರಡೂ ಎಲೆ. ಗೆದ್ದವರೇ ಮತ್ತೆ ಕೂಗುತ್ತಾರೆ.

ಎರಡು ದಿನಕ್ಕೆ ಮಗಳಿಗೆ ಬೇಸರ ಬಂತು. ಯಾಕೆ ಎಂದು ತಿಳಿಯಲು ಹಳೆಯ ಡೈರಿಯ ಹಿಂದಿನ ಪುಟದಲ್ಲಿ ಲೆಕ್ಕ ಬರೆಯತೊಡಗಿದೆ. ಇಪ್ಪತ್ತು ಆಟ ಆಡಿದೆವು. ಎಲೆ ಹಂಚಿದಾಗ ಟಿ-ರೆಕ್ಸ್ ಯಾರ ಕೈಗೆ ಬಂದಿತ್ತೋ ಅವರು ಗೆದ್ದದ್ದು ಹದಿನಾರು ಸಲ. ಅಂದರೆ ಆಟ ಹಂಚುವಾಗಲೇ ಮುಗಿಯುತ್ತಿತ್ತು, ಉಳಿದದ್ದು ಬರೀ ಎಲೆ ಎತ್ತಿಡುವ ಕೂಲಿ. ಟಿ-ರೆಕ್ಸ್‌ಗೆ ಕ್ರೌರ್ಯ 98, ಬುದ್ಧಿ 90. ಕಣ್ಣು ಮುಚ್ಚಿಕೊಂಡು 'ಕ್ರೌರ್ಯ' ಎಂದು ಕೂಗಿದರೆ ಸಾಕು. ಆರೂವರೆ ಕೋಟಿ ವರ್ಷಗಳ ಹಿಂದೆ ಅಳಿದ ಪ್ರಾಣಿಯ ಕ್ರೌರ್ಯವನ್ನು ಯಾವ ತಕ್ಕಡಿಯಲ್ಲಿ ತೂಗಿ 98 ಎಂದರೋ! ನನ್ನ ಕಚೇರಿಯಲ್ಲಿ ಇಂಥ ಅಂಕೆ ಬರೆದರೆ ಆಡಿಟ್‌ನವರು ಬಿಡುವುದಿಲ್ಲ.

ಆ ಸಿಟ್ಟಿನಲ್ಲಿ ಉಳಿದ ಅಂಕೆಗಳನ್ನೂ ಪರೀಕ್ಷಿಸಲು ಕುಳಿತೆ. ಟಿ-ರೆಕ್ಸ್‌ನ ಉದ್ದ 12 ಮೀಟರ್ ಎಂದಿತ್ತು, ಸರಿಯೇ. ವೆಲಾಸಿರ್‍ಯಾಪ್ಟರ್ ಎಲೆಯಲ್ಲಿ ಮನುಷ್ಯನೆತ್ತರದ, ಮೈತುಂಬ ಹಲ್ಲಿಯ ಚರ್ಮದ ಪ್ರಾಣಿ, ತೂಕ 150 ಕಿಲೋ. ನಿಜವಾದ ವೆಲಾಸಿರ್‍ಯಾಪ್ಟರ್ ಟರ್ಕಿ ಕೋಳಿಯ ಗಾತ್ರದ್ದು, ಹದಿನೈದು ಕಿಲೋದ ಆಸುಪಾಸು. ಮುಂಗಾಲಿನ ಮೂಳೆಯ ಮೇಲೆ ಗರಿ ಬೇರೂರಿದ ಗುಬುಟುಗಳು ಸಿಕ್ಕಿವೆ ಎಂದು 2007ರಲ್ಲೇ ಪ್ರಕಟವಾಗಿದೆ. ಮಗಳು ಸ್ಕೆಚ್ ಪೆನ್ ತಂದು ಅದಕ್ಕೆ ರೆಕ್ಕೆ ಬಿಡಿಸಿ, 150ರ ಕೊನೆಯ ಸೊನ್ನೆಯನ್ನು ಹೊಡೆದುಹಾಕಿದಳು. ಟೆರಾನೊಡಾನ್ ಡೈನೋಸಾರೇ ಅಲ್ಲ, ಅದೇ ಕಾಲದ ಹಾರುವ ಸರೀಸೃಪ. ಬೆನ್ನ ಮೇಲೆ ಹಾಯಿಯಂಥ ಪೊರೆ ಇರುವ ಡೈಮೆಟ್ರೊಡಾನ್ ಮೊದಲ ಡೈನೋಸಾರ್ ಹುಟ್ಟುವ ಎಷ್ಟೋ ಮೊದಲೇ ಅಳಿದುಹೋಗಿತ್ತು. ವಂಶದ ಲೆಕ್ಕದಲ್ಲಿ ಅದು ಡೈನೋಸಾರ್‌ಗಿಂತ ನಮಗೇ ಹತ್ತಿರ. ಇದನ್ನು ಹೇಳಿದಾಗಿನಿಂದ ಮಗಳು ಅದನ್ನು 'ದೊಡ್ಡಪ್ಪ' ಎಂದೇ ಕರೆಯುತ್ತಾಳೆ.

ನಂತರ ನಿಯಮಗಳಿಗೆ ಕೈ ಹಾಕಿದೆವು. ಸೋತವರು ಕೂಗಬೇಕು ಎಂದು ಮಾಡಿದ್ದು ಮೊದಲ ಬದಲಾವಣೆ, ಬಹುಶಃ ಎಲ್ಲಕ್ಕಿಂತ ದೊಡ್ಡದೂ ಹೌದು. ಗೆದ್ದವನ ಕೈಗೇ ಮತ್ತೆ ಕೋಲು ಕೊಟ್ಟರೆ ಅವನು ಬಡಿಯುತ್ತಲೇ ಹೋಗುತ್ತಾನೆ. ಕೋಲು ಸೋತವನಿಗೆ ಹೋದದ್ದೇ ಆಟದ ಅವಧಿ ಏಳು ನಿಮಿಷದಿಂದ ಇಪ್ಪತ್ತು ನಿಮಿಷಕ್ಕೆ ಏರಿತು. ಎರಡನೆಯದು, ಕ್ರೌರ್ಯವನ್ನು ಅಳಿಸಿ ಅದರ ಮೇಲೆ ಸಣ್ಣ ಚೀಟಿ ಅಂಟಿಸಿದೆವು: 'ಹೆಸರಿಟ್ಟ ವರ್ಷ'. ವಿಜ್ಞಾನಿಗಳು ಆ ಪ್ರಾಣಿಗೆ ಹೆಸರಿಟ್ಟದ್ದು ಯಾವಾಗಲೋ ಆ ವರ್ಷ, ತೀರಾ ಈಚಿನದು ಗೆಲ್ಲುತ್ತದೆ. ಇದಕ್ಕೆ ತಕ್ಕಡಿ ಬೇಕಿಲ್ಲ, ದಾಖಲೆ ಇದೆ. ಸ್ಟೆಗೊಸಾರಸ್ 1877, ಟ್ರೈಸೆರಾಟಾಪ್ಸ್ 1889, ಟಿ-ರೆಕ್ಸ್ 1905, ಸ್ಪೈನೊಸಾರಸ್ 1915, ವೆಲಾಸಿರ್‍ಯಾಪ್ಟರ್ 1924. ಮೊದಲ ಬಾರಿಗೆ ಕೋಳಿಯ ಗಾತ್ರದ್ದೊಂದು ಟಿ-ರೆಕ್ಸ್‌ನ ಕತ್ತು ಹಿಡಿಯಿತು. ಜಪಾನಿನ ಸೆಗಾ ಕಂಪನಿ 2005ರಲ್ಲಿ ತಂದ 'ಡೈನೋಸಾರ್ ಕಿಂಗ್' ಯಂತ್ರದಲ್ಲೂ ಎಲೆಗಳನ್ನು ಕಲ್ಲು-ಕಾಗದ-ಕತ್ತರಿಯ ನ್ಯಾಯಕ್ಕೆ ಕಟ್ಟಿಹಾಕಿದ್ದರು. ಎಷ್ಟೇ ದೊಡ್ಡ ಪ್ರಾಣಿಯಾದರೂ ಯಾವುದೋ ಒಂದಕ್ಕೆ ಸೋಲುವಂತೆ ಇರಬೇಕು, ಇಲ್ಲದಿದ್ದರೆ ಎದುರಿಗೆ ಕುಳಿತವರಿಗೆ ಅಲ್ಲೇನು ಕೆಲಸ?

ಈ 'ಹೆಸರಿಟ್ಟ ವರ್ಷ' ನಮ್ಮನ್ನು ಇನ್ನೊಂದು ದಾರಿಗೆ ಎಳೆಯಿತು. 14 ಎಲೆಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. ಬಿಟ್ಟುಹೋದವನ್ನು ನಾವೇ ಮಾಡೋಣ ಎಂದಳು.

ಕಾಗದ ಹುಡುಕಿದ ಕತೆಯೇ ಒಂದು. ಮನೆಯಲ್ಲಿ ದಂಡಿಯಾಗಿದ್ದದ್ದು ಲಗ್ನಪತ್ರಿಕೆಗಳು. ಚಿನ್ನದ ಅಂಚಿನ ಒಂದು ಪತ್ರಿಕೆಯನ್ನು ಕತ್ತರಿಸಿ ಸೆಳೆಖಾನೆಗೆ ಹಾಕಿದೆ, ಡೈನೋಸಾರ್ ಅದನ್ನು ಅರ್ಧ ಉಗುಳಿ ಬಾಲದ ಕೊಂಡಿಯನ್ನೇ ಕಳಚಿಕೊಂಡಿತು. ದಪ್ಪ ಹೆಚ್ಚು. ಗೋಡೆ ಕ್ಯಾಲೆಂಡರಿನ ಹಾಳೆ ತೀರಾ ತೆಳು, ಗಾಲಿಯ ಕೆಳಗೆ ಮುದುಡಿತು. ಕೊನೆಗೆ ಒಪ್ಪಿದ್ದು ವಿಸಿಟಿಂಗ್ ಕಾರ್ಡ್. ವಿಮೆಯವರು, ಟೈಲ್ಸ್ ಅಂಗಡಿಯವರು, ಕೋಚಿಂಗ್ ಕೇಂದ್ರದವರು ಕೊಟ್ಟುಹೋದ ನಲವತ್ತು ಕಾರ್ಡ್‌ಗಳು ಮೇಜಿನ ಖಾನೆಯಲ್ಲಿದ್ದವು. ಎಲೆಯ ಅಳತೆ ನಾಲ್ಕೂವರೆ ಸೆಂಟಿಮೀಟರ್‌ಗೆ ಆರೂವರೆ. ಮುದ್ರಣವಿದ್ದ ಬದಿಗೆ ಬಿಳಿ ಹಾಳೆ ಅಂಟಿಸಿ, ರಾತ್ರಿಯೆಲ್ಲ ನಿಘಂಟಿನ ಕೆಳಗಿಟ್ಟು, ಮೂಲೆಗಳನ್ನು ಉಗುರು ಕತ್ತರಿಸುವ ಸಾಧನದಿಂದ ದುಂಡಗೆ ಮಾಡಿದೆ. ಮೂಲೆ ಚೂಪಾಗಿದ್ದರೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಇಡೀ ಕೆಲಸದಲ್ಲಿ ನಾನು ಹೆಮ್ಮೆಪಡುವ ಭಾಗ ಇದೊಂದೇ.

ಮೊದಲ ಎಲೆ ಬರಪಾಸಾರಸ್ ಟಾಗೋರೈ. ಗೋದಾವರಿ ಕಣಿವೆಯಲ್ಲಿ ಇದರ ಮೂಳೆಗಳು ಸಿಕ್ಕ 1961 ರವೀಂದ್ರನಾಥ ಠಾಕೂರರ ಜನ್ಮಶತಮಾನದ ವರ್ಷ, ಹಾಗಾಗಿ ಅವರ ಹೆಸರು. 'ಬರ ಪಾ' ಎಂದರೆ ಬಂಗಾಳಿಯಲ್ಲಿ ದೊಡ್ಡ ಕಾಲು. ಹೆಸರಿಟ್ಟದ್ದು 1975ರಲ್ಲಿ. ಅಸ್ಥಿಪಂಜರ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದೆ. ಉದ್ದ ಸುಮಾರು 14 ಮೀಟರ್, ಟಿ-ರೆಕ್ಸ್‌ಗಿಂತ ಎರಡು ಹೆಚ್ಚು! ಮಗಳು ಮಂಚದ ಮೇಲೆ ಕುಣಿದಳು.

ಎರಡನೆಯದು ರಾಜಾಸಾರಸ್ ನರ್ಮದೆನ್ಸಿಸ್, ಗುಜರಾತಿನ ರಾಹಿಯೋಲಿಯದು, ತಲೆಯ ಮೇಲೆ ಗಿಡ್ಡ ಕೊಂಬು, 2003. ಇಲ್ಲಿ ಪೇಚು. ಉದ್ದದಲ್ಲಿ ಹೆಸರಿಟ್ಟ ಕಾಲದ ಅಂದಾಜಿಗಿಂತ ಈಚಿನ ಅಂದಾಜು ಸಾಕಷ್ಟು ಕಡಿಮೆ, 6.6 ಮೀಟರ್. ಯಾವುದನ್ನು ಬರೆಯುವುದು? ಪೆನ್ಸಿಲ್‌ನಲ್ಲಿ ಬರೆಯೋಣ ಎಂದಳು. ಅಚ್ಚಾದ ಎಲೆಗಳಲ್ಲಿ ಇಲ್ಲದ ಒಂದು ಮರ್ಯಾದೆ ಆ ಪೆನ್ಸಿಲ್ ಅಂಕೆಗೆ ಇದೆ ಎಂದು ನನಗೆ ಅನ್ನಿಸಿತು. ಅಂದಿನಿಂದ ನಾವು ಮಾಡಿದ ಎಲೆಗಳಲ್ಲಿ ಎಲ್ಲ ಅಳತೆಗಳೂ ಪೆನ್ಸಿಲ್‌ನಲ್ಲೇ.

ಮೂರನೆಯ ಎಲೆಗಾಗಿ ಹೈದರಾಬಾದಿಗೆ ಹೋಗಿ ಬಂದೆವು. ಕಲಬುರಗಿಯಿಂದ ಬೆಳಗಿನ ರೈಲು ಹಿಡಿದರೆ ರಾತ್ರಿಗೆ ಮನೆ. ಅಲ್ಲಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ಕೋಟಾಸಾರಸ್ ನಿಂತಿದೆ, ಯಾಮನಪಲ್ಲಿಯ ನೆಲದಿಂದ ಅಗೆದು ತೆಗೆದದ್ದು, 1988ರಲ್ಲಿ ಹೆಸರು ಪಡೆದದ್ದು. ಮಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು 21 ಹೆಜ್ಜೆ ಎಣಿಸಿದಳು. ಮನೆಗೆ ಬಂದು ಹೆಜ್ಜೆಯ ಉದ್ದ ಎಷ್ಟೆಂದು ನೋಡಲು ಪಡಸಾಲೆಯಲ್ಲಿ ನಡೆಸಿದೆ. ನಮ್ಮದು ಶಹಾಬಾದ್ ಕಲ್ಲಿನ ಹಾಸು, ಒಂದೊಂದು ಎರಡು ಅಡಿ. ಒಂದು ಹೆಜ್ಜೆಗೆ ಹೆಚ್ಚುಕಡಿಮೆ ಒಂದು ಕಲ್ಲು. ಹಾಗಾದರೆ 42 ಅಡಿ, ಹದಿಮೂರು ಮೀಟರ್‌ಗೆ ತುಸು ಕಡಿಮೆ. ಪುಸ್ತಕ ಹೇಳುವುದು ಸುಮಾರು ಒಂಬತ್ತು. "ನೀನು ಅಳೆದದ್ದು ಸುತ್ತಲಿನ ಕಟಕಟೆಯನ್ನು, ಪ್ರಾಣಿಯನ್ನಲ್ಲ" ಎಂದೆ. ಒಪ್ಪಲಿಲ್ಲ. ಪೆನ್ಸಿಲ್‌ನಲ್ಲಿ ಎರಡನ್ನೂ ಬರೆದಿದ್ದಾಳೆ. ಆಡುವಾಗ ಯಾವುದು ಅನುಕೂಲವೋ ಅದನ್ನು ಓದುತ್ತಾಳೆ ಎಂಬುದು ನನ್ನ ಅನುಮಾನ.

ಅದೇ ಸಂಜೆ ಕಲ್ಲಿನ ಮೇಲೆ ಬೋರಲು ಮಲಗಿ, ನಮ್ಮ ಊರಿನ ಡೈನೋಸಾರ್ ಯಾಕಿಲ್ಲ ಎಂದು ಕೇಳಿದಳು. ನೀನು ಮಲಗಿರುವ ಕಲ್ಲೇ ಉತ್ತರ ಎಂದೆ. ಶಹಾಬಾದ್ ಸುಣ್ಣಗಲ್ಲು ಸಮುದ್ರದ ತಳದಲ್ಲಿ ಪದರಪದರವಾಗಿ ಕೂತಾಗ ಡೈನೋಸಾರ್ ಇರಲಿ, ನೆಲದ ಮೇಲೆ ಕಾಲೂರಿದ ಯಾವ ಪ್ರಾಣಿಯೂ ಇರಲಿಲ್ಲ. ಊರಿನ ಉತ್ತರಕ್ಕಿರುವ ಕರಿಕಲ್ಲು, ಅದು ಸವೆದು ಆದ ಎರೆಮಣ್ಣು, ಡೈನೋಸಾರ್‌ಗಳ ಕೊನೆಗಾಲದಲ್ಲಿ ದಖ್ಖನ್ನಿನ ಮೇಲೆ ಹರಿದ ಲಾವಾ. ಒಂದು ಕಲ್ಲು ತೀರಾ ಮೊದಲಿನದು, ಇನ್ನೊಂದು ಬೆಂಕಿ. "ಹಾಗಾದರೆ ತೊಗರಿ ಬೆಳೆಯುವುದು ಲಾವಾದ ಮೇಲೆಯೇ?" ಎಂದಳು. ಹೌದು ಎಂದೆ. ಅಡುಗೆಮನೆಗೆ ಓಡಿಹೋಗಿ ಬೇಳೆಯ ಡಬ್ಬಿ ನೋಡಿ ಬಂದಳು.

ಕೊನೆಯ ಎಲೆ ಅವಳದೇ ಆಯ್ಕೆ, ಅದು ಡೈನೋಸಾರ್ ಅಲ್ಲ, ಹಾವು. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಧನಂಜಯ ಮೊಹಬೆ ಅವರು 1980ರ ದಶಕದಲ್ಲಿ ಒಂದು ಡೈನೋಸಾರ್ ಗೂಡನ್ನು ಕಂಡರು. ಮೊಟ್ಟೆ, ಪಕ್ಕದಲ್ಲಿ ಆಗತಾನೇ ಹೊರಬಂದ ಮರಿಯ ಮೂಳೆಗಳು. ಆ ಮೂಳೆಗಳಲ್ಲಿ ಹಾವಿನವೂ ಇವೆ ಎಂದು ತಿಳಿದದ್ದು ವರ್ಷಗಳ ನಂತರ. ಒಡೆದ ಮೊಟ್ಟೆಯನ್ನು ಸುತ್ತಿಕೊಂಡೇ ಕಲ್ಲಾಗಿದ್ದ ಮೂರೂವರೆ ಮೀಟರ್ ಹಾವು. 2010ರಲ್ಲಿ ಅದಕ್ಕೆ ಸನಾಜೇ ಇಂಡಿಕಸ್ ಎಂದು ಹೆಸರಾಯಿತು. ನಮ್ಮಲ್ಲಿದ್ದ ಎಲ್ಲ ಎಲೆಗಳಿಗಿಂತ ಈಚಿನ ವರ್ಷ.

ಈ ಎಲೆಗಾಗಿ ಅವಳು ಒಂದು ನಿಯಮವನ್ನೇ ಹೊಸೆದಳು. ಬಿಚ್ಚಿದ ಮೇಲೆ ಮೂಲೆಗೆ ಬಿದ್ದಿದ್ದ ಮೊಟ್ಟೆಯ ಹೋಳುಗಳನ್ನು ತಂದು ಇಬ್ಬರ ಮುಂದೆಯೂ ಒಂದೊಂದು ಇಟ್ಟಳು. ಆಟದ ಆರಂಭದಲ್ಲಿ ಒಂದು ಎಲೆಯನ್ನು ಅದರ ಕೆಳಗೆ ಮುಚ್ಚಿಡಬೇಕು, ಕೊನೆಯಲ್ಲಿ ಅದಕ್ಕೆ ಮೂರು ಎಲೆಗಳ ಬೆಲೆ. ಯಾರ ಕೈಗೆ ಸನಾಜೇ ಬರುತ್ತದೋ ಅವರು ಒಂದೇ ಒಂದು ಸಲ ಎದುರಾಳಿಯ ಮೊಟ್ಟೆಯೊಳಗಿನದನ್ನು ನುಂಗಬಹುದು. ಕಂಪನಿಯವರಿಗೆ ಹೊಳೆಯದಿದ್ದದ್ದು, ಮೊಟ್ಟೆಯನ್ನೂ ಆಟಕ್ಕೆ ಸೇರಿಸಬಹುದೆಂಬುದು, ಇವಳಿಗೆ ಹೊಳೆದಿತ್ತು. ಡೈರಿಯಲ್ಲಿ ಮತ್ತೆ ಇಪ್ಪತ್ತು ಆಟ ಬರೆದೆ. ಟಿ-ರೆಕ್ಸ್ ಇದ್ದವರು ಗೆದ್ದದ್ದು ಹನ್ನೊಂದು. ಕೊಳ್ಳಬೇಕೆನ್ನುವವರಿಗೆ ನಾನು ಹೇಳುವುದಿಷ್ಟೇ: ಎರಡೇ ಮೊಟ್ಟೆ ಸಾಕು, ಮೂರನೆಯದರ ದುಡ್ಡಿಗೆ ಹೈದರಾಬಾದಿನ ಟಿಕೆಟ್ ಬರುತ್ತದೆ.

ದಸರಾ ರಜೆಗೆ ಬೀದರಿನಿಂದ ತಂಗಿಯ ಮಗ ಬಂದ, ತನ್ನದೇ ಮೊಟ್ಟೆಯೊಂದಿಗೆ. ಅವನದು ಕೆಂಪು ಟಿ-ರೆಕ್ಸ್, ನಾವು ಮೂರು ಮೊಟ್ಟೆ ಒಡೆದರೂ ಸಿಗದೇ ಹೋದದ್ದು. ಆಡಲು ಕುಳಿತರು. ಐದನೆಯ ಕೈಗೆ ಅವನು ಎದೆ ಉಬ್ಬಿಸಿ ಟಿ-ರೆಕ್ಸ್ ಇಳಿಸಿದ. ಮಗಳು ಸನಾಜೇ ಇಳಿಸಿ ಅವನ ಮೊಟ್ಟೆಗೆ ಕೈ ಹಾಕಿದಳು.

"ಇದು ಹಾವು. ಡೈನೋಸಾರ್ ಅಲ್ಲ. ನಡೆಯುವುದಿಲ್ಲ."

"ನಿನ್ನ ಕೈಯಲ್ಲಿರುವ ಟೆರಾನೊಡಾನ್ ಕೂಡ ಅಲ್ಲ. ಅದನ್ನು ಮೊದಲು ಕೆಳಗಿಡು."

"ಮತ್ತೆ ಆ ದೊಡ್ಡಪ್ಪ?"

ತೀರ್ಪಿಗಾಗಿ ಇಬ್ಬರೂ ನನ್ನ ಬಳಿ ಬಂದರು. ನನ್ನ ಕೈತುಂಬ ಪೌಡರ್. ಅವನ ಡೈನೋಸಾರಿಗೂ ಅಜೀರ್ಣವಾಗಿತ್ತು.